ಅತ್ತೆ ಹಾರಿಸಿದ ಸಾಲು

ಜೂನ್ 9

ಪ್ರೀತಿಯ ಅತ್ತೆ,

ನೀವು ನನ್ನ ಸ್ವಂತ ಅತ್ತೆ ಅಲ್ಲ, ಗೊತ್ತು. ಆದ್ರೆ ರೇಡಿಯೋ ಕೇಳ್ಕೊಂಡು ಬೆಳೆದ ನಮಗೆಲ್ಲ ನೀವು ಅತ್ತೇನೇ. ಭಾನುವಾರ ಒಂಬತ್ತು ಗಂಟೆಗೆ ‘ಓದಿ ಹೇಳು’ ಶುರುವಾದ್ರೆ ನಮ್ಮಮ್ಮ ನಲ್ಲಿ ಕೂಡ ನಿಲ್ಲಿಸ್ತಿದ್ರು. ಯಾವುದೋ ಮಗು ಒಂದು ಪುಟ ಓದೋಕೆ ಹೋಗಿ ಮಧ್ಯ ಎಡವಿದ್ರೆ ನೀವು ನಗ್ತಿದ್ರಿ, “ಬಿದ್ಯಾ? ಏಳು ಏಳು, ಪುಟ ಎಲ್ಲೂ ಓಡಿ ಹೋಗಿಲ್ಲ!” ಅಂತ. ನಾನು ಸೈಕಲ್ಲಿಂದ ಬಿದ್ದಾಗಲೂ ಅದನ್ನೇ ಹೇಳ್ಕೊಂಡು ಎದ್ದಿದೀನಿ. ನಿಜವಾಗ್ಲೂ!

ಈಗ ಕೂತ್ಕೊಳ್ಳಿ. ಕೂತಿದೀರಾ? ನಿಮ್ಮ ಕುರ್ಚಿ ನಂಗೆ ಸಿಕ್ಕಿದೆ!!! ಹೊಸ ‘ಓದಿ ಹೇಳು’ ನಡೆಸೋಳು ನಾನೇ. ನೀವೇ ಸ್ವಂತ ಇಷ್ಟದಿಂದ ಕೆಲಸ ಬಿಟ್ರಿ ಅಂತ ಆಫೀಸಲ್ಲಿ ಹೇಳಿದ್ರು. ನಿಮ್ಮ ಫೋನ್ ನಂಬರ್ ಯಾರೂ ಕೊಡಲ್ಲ. ಮೈಕ್ ಜೋಡಿಸೋ ಅಣ್ಣ ಮಾತ್ರ ಗುಟ್ಟಾಗಿ ವಿಳಾಸ ಬರ್ಕೊಟ್ರು. ಜೀವನದಲ್ಲಿ ಮೊದಲ ಸಲ ಅಂಚೆ ಚೀಟಿ ನೆಕ್ಕಿ ಅಂಟಿಸಿದೀನಿ, ಥೂ, ಏನ್ ರುಚಿ ಅದು.

ಈಗ ನೇರ ಪ್ರಸಾರ ಇಲ್ಲ. ಮಕ್ಕಳು ಬಂದು ಓದ್ತಾರೆ, ನಾನು ಕೂತು ತಪ್ಪೆಲ್ಲ ಕತ್ತರಿಸ್ತೀನಿ. ಒಂದು ‘ಆಂ’ ಕೂಡ ಉಳಿಯಲ್ಲ. ಸರ್ ನಂಗೆ ಕತ್ತರಿ ರಾಣಿ ಅಂತ ಹೆಸರಿಟ್ಟಿದಾರೆ. ರೂಮಿಗೆ ಕಿಟಕಿ ಇಲ್ಲ, ಗೋಡೆ ತುಂಬ ಸ್ಪಂಜು, ಕೆಂಪು ದೀಪ ಆರೋ ತನಕ ಬಾಗಿಲು ತೆಗೆಯೋ ಹಾಗಿಲ್ಲ. ನಿಮಗೆ ನಾನೇನು ಹೇಳೋದು, ನೀವು ಅಲ್ಲೇ ಬಾಳಿದೋರು.

ಒಂದೇ ಒಂದು ಆಸೆ. ನಿಮ್ಮ ದನಿಯಲ್ಲಿ ಒಂದು ನಿಮಿಷ ಏನಾದ್ರೂ ಮಾತಾಡಿ ಕಳಿಸಿ. ಮಕ್ಕಳಿಗೆ ಕೇಳಿಸ್ತೀನಿ. ಪ್ಲೀಸ್ ಪ್ಲೀಸ್ ಪ್ಲೀಸ್.

ನಿಮ್ಮ ಮಹಾ ಅಭಿಮಾನಿ
(ಆಫೀಸಲ್ಲಿ ಎಲ್ಲ ‘ವಟವಟ’ ಅಂತಾರೆ, ನೀವೂ ಅನ್ನಬಹುದು)


ಜೂನ್ 23

ಪ್ರಿಯ ವಟವಟ,

ಕುರ್ಚಿಯ ಹಿಂದಿನ ಎಡಗಾಲು ಸ್ವಲ್ಪ ಗಿಡ್ಡ. ಕೆಳಗೆ ಕಾಗದ ಮಡಿಸಿ ಇಡು, ಇಲ್ಲದಿದ್ದರೆ ಅದರ ಸದ್ದು ಮೈಕಿಗೆ ಬೀಳುತ್ತದೆ.

ದನಿ ಕಳಿಸಲು ಆಗುವುದಿಲ್ಲ. ಗಂಟಲು ಕಟ್ಟಿದೆ. ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು, ಪೆನ್ನು ಸರಿ ಇಲ್ಲ.

ಒಂದು ವಿಷಯ ಕೇಳಬೇಕು. ನೀನು ಕತ್ತರಿಸುತ್ತೀಯಲ್ಲ, ಅದು ಮಕ್ಕಳಿಗೆ ಗೊತ್ತೇ?

ಅತ್ತೆ


ಜುಲೈ 4

ಅತ್ತೆ ಅತ್ತೆ ಅತ್ತೆ!

ಪತ್ರ ಬಂತು ಅಂತ ಇಡೀ ಆಫೀಸಿಗೆ ತೋರಿಸ್ಕೊಂಡು ಬಂದೆ. ಕುರ್ಚಿಗೆ ಕಾಗದ ಇಟ್ಟೆ, ಸದ್ದು ನಿಂತ್ಹೋಯ್ತು, ನೀವು ಮಾಯಾವಿ. ನಿಮ್ಮ ಅಕ್ಷರ ಒಂದನೇ ಕ್ಲಾಸ್ ಮಗು ಥರ ಎಷ್ಟು ಮುದ್ದಾಗಿದೆ! ದೊಡ್ಡೋರೆಲ್ಲ ಗೀಚೋದು ಹೀಗೇ ಅಂತ ನಮ್ಮ ಆಫೀಸಿನವರು. ಗಂಟಲಿಗೆ ಬಿಸಿನೀರು ಉಪ್ಪು ಹಾಕಿ ಮುಕ್ಕಳಿಸಿ. ವಾರದಲ್ಲಿ ಸರಿಹೋಗುತ್ತೆ. ಆಮೇಲೆ ಕಳಿಸಿ, ಬಿಡಲ್ಲ ನಾನು.

ಮಕ್ಕಳಿಗೆ ಯಾಕೆ ಗೊತ್ತಾಗ್ಬೇಕು ಅತ್ತೆ? ಪ್ರಸಾರ ಕೇಳಿ ಅವರಿಗೆ ಎಷ್ಟು ಖುಷಿ ಅಂತೀರಾ! ಅಪ್ಪ ಅಮ್ಮಂದಿರಂತೂ ಫೋನ್ ಮೇಲೆ ಫೋನ್. ಮೊನ್ನೆ ಏಳು ವರ್ಷದ ಒಬ್ಬಳು ಬಂದಿದ್ಲು. ಬಟಾಣಿ ಅಂತ ಕರೀತಾರೆ, ಹಾಗೇ ಇದಾಳೆ ದುಂಡಗೆ. ಅವರಪ್ಪ ಬೀಗ ರಿಪೇರಿ ಮಾಡೋರು. ಅಳಿಲಿನ ಪಾಠ ಓದೋಕೆ ಕೊಟ್ಟೆ. ಚೆನ್ನಾಗೇ ಓದ್ತಿದ್ಲು, ‘ಪೊಟರೆ’ ಬಂದ ತಕ್ಷಣ ‘ಪೊರಟೆ’ ಅಂದ್ಲು. ಪುಟದಲ್ಲಿ ಆ ಮಾತು ಎರಡು ಕಡೆ ಬರುತ್ತೆ, ಎರಡು ಕಡೆನೂ ಅದೇ. ಇನ್ನೊಂದ್ಸಲ ಅಂದೆ. ಮತ್ತೆ ಪೊರಟೆ. ಇನ್ನೊಂದ್ಸಲ, ಇನ್ನೊಂದ್ಸಲ, ಲೆಕ್ಕ ಬಿಟ್ಟೋಯ್ತು. ಹೊರಗೆ ಕೆಂಪು ದೀಪ ಉರೀತಾನೇ ಇತ್ತು. ಕೊನೆಗೆ ಬೇರೆ ಬೇರೆ ಸಲದ ತುಂಡು ಜೋಡಿಸಿ ನಾನೇ ‘ಪೊಟರೆ’ ಮಾಡಿ ಅವಳಿಗೆ ಕೇಳಿಸಿದೆ, “ನೋಡು, ಹೀಗೆ ಓದ್ಬೇಕು” ಅಂತ. ಕಣ್ಣು ಇಷ್ಟಗಲ ಬಿಟ್ಟು ಕೇಳಿದ್ಲು.

ಎರಡನೇ ಪಾಠಕ್ಕೆ ಬಂದಿಲ್ಲ. ಜ್ವರ ಅಂತೆ.

ಈ ಭಾನುವಾರ ಅವಳ ಪಾಠ ಬರುತ್ತೆ. ಕೇಳಿ, ಹೇಳಿ ಹೇಗಿದೆ ಅಂತ!

ವಟವಟ


ಜುಲೈ 19

ಪ್ರಿಯ ವಟವಟ,

ತಂಗಿ ರೇಡಿಯೋ ಹಾಕಿದಳು. ನಾನಿರುವುದು ಅವಳ ಮನೆಯಲ್ಲಿ, ಮೂರನೇ ಮಹಡಿ. ಕೆಳಗೆ ಬಟ್ಟೆ ಒಗೆದು ಇಸ್ತ್ರಿ ಮಾಡುವ ಅಂಗಡಿ. ಬೆಳಗಿನಿಂದ ಅದರ ಹಬೆ ಕಿಟಕಿಗೆ ಬಂದು ಕೂತಿರುತ್ತದೆ, ಎದುರಿನ ಬೀದಿ ಮಸುಕು. ಕಾಲು ನೋವಿನಿಂದ ಮೆಟ್ಟಿಲಿಳಿದು ಬಹಳ ದಿನವಾಯಿತು.

ಬಟಾಣಿ ಓದಿದ್ದು ಕೇಳಿದೆ. ನಿನ್ನ ಕೈಕೆಲಸ ಅಚ್ಚುಕಟ್ಟು, ಜೋಡಿಸಿದ ಗುರುತೇ ಇಲ್ಲ. ಆದರೆ ಕತ್ತರಿ ರಾಣಿ, ತಪ್ಪಿನ ಜೊತೆಗೆ ನೀನು ಅವಳ ಉಸಿರನ್ನೂ ಕತ್ತರಿಸಿದ್ದೀಯ. ಇಡೀ ಪುಟದಲ್ಲಿ ಒಂದು ಸಲವೂ ಉಸಿರಾಡದ ಮಗು. ಜ್ವರ ಬರದೆ ಇನ್ನೇನು ಬರಬೇಕು?

ಅದು ಜ್ವರವೇ ತಾನೆ?

ಗಂಟಲು ಹಾಗೇ ಇದೆ.

ಅತ್ತೆ


ಆಗಸ್ಟ್ 2

ಅತ್ತೆ,

ನಿಮ್ಮ ಪತ್ರ ಓದಿ ಮೊದಲು ಸಿಟ್ಟು ಬಂತು. ಒಂದು ವಾರ ಉತ್ತರ ಬರೀಲಿಲ್ಲ. ಇದೇ ಫೋನ್ ಆಗಿದ್ರೆ ಟೈಪ್ ಮಾಡಿ, ಅಳಿಸಿ, ಮತ್ತೆ ಟೈಪ್ ಮಾಡಿದ್ದು ನಿಮಗೆ ಕಾಣ್ತಿತ್ತು.

ಜ್ವರ ಅಲ್ಲ. ನಾನು ಸುಳ್ಳು ಬರೆದೆ. ಮೊದಲ ದಿನವೇ ಗೊತ್ತಿತ್ತು.

ಬಟಾಣಿ ಮಾತು ನಿಲ್ಲಿಸಿದಾಳೆ. ಪೂರ್ತಿ ಅಲ್ಲ, ಮನೇಲಿ ಊಟ ಬೇಕು ನೀರು ಬೇಕು ಅಂತಾಳೆ. ಓದು ಅಂದ್ರೆ ತುಟಿ ಬಿಗೀತಾಳೆ, ಸ್ಕೂಲಲ್ಲಿ ಹಾಜರಿ ಕೂಗಿದ್ರೂ ಬರೀ ಕೈ ಎತ್ತೋದು. ಅವರಪ್ಪ ಸ್ಟುಡಿಯೋಗೆ ಬಂದಿದ್ರು. ಜಗಳ ಆಡ್ತಾರೆ ಅಂದ್ಕೊಂಡೆ, ಆಡಲಿಲ್ಲ. ಮೆಲ್ಲಗೆ ಕೇಳಿದ್ರು, “ಏನ್ ಮಾಡಿದ್ರಮ್ಮ ನನ್ನ ಮಗಳಿಗೆ? ರೇಡಿಯೋ ಹಾಕಿದ್ರೆ ಮಂಚದ ಕೆಳಗೆ ಹೋಗಿ ಕೂರ್ತಾಳೆ. ನಿಂದೇ ಕಣೇ ಅದು, ಕೇಳು ಅಂದ್ರೆ, ಅಲ್ಲ ಅಪ್ಪ, ರೇಡಿಯೋದಲ್ಲಿ ಇರೋದು ಬೇರೆ ಹುಡುಗಿ, ಅವಳ ಥರ ನಂಗೆ ಬರಲ್ಲ ಅಂತಾಳೆ.”

“ನೀರು ಕುಡೀತೀರಾ?” ಅಂದೆ. ನಾನು, ವಟವಟ, ಅಷ್ಟೇ ಅಂದಿದ್ದು.

“ಬೀಗ ಆದ್ರೆ ನಾನೇ ತೆಗೀತಿದ್ದೆ” ಅಂದು ಹೋದ್ರು.

ಸರ್‌ಗೆ ಹೇಳಿದೆ. “ಮಕ್ಕಳು ಅಂದ್ರೆ ಹಾಗೇ, ನಾಳೆ ಸರಿಹೋಗ್ತಾಳೆ. ನೀನು ಮುಂದಿನ ವಾರದ್ದು ಕತ್ತರಿಸು” ಅಂದ್ರು. ಆ ರೂಮಲ್ಲಿ ಕೂತ್ರೆ ಈಗ ನಂಗೇ ಉಸಿರು ಕಟ್ಟುತ್ತೆ. ಯಾವ ಮಗು ತಡವರಿಸಿದ್ರೂ ಕೈ ತಾನಾಗೇ ಕತ್ತರಿಸೋಕೆ ಹೋಗುತ್ತೆ.

ನೀವು ಮಾತಾಡಿದ್ರೆ ಅವಳು ಕೇಳ್ತಾಳೆ. ಅವರಪ್ಪ ಚಿಕ್ಕೋರಿದ್ದಾಗಿಂದ ನಿಮ್ಮ ಕಾರ್ಯಕ್ರಮ ಕೇಳಿದೋರು, ಮನೇಲಿ ಎಲ್ಲರಿಗೂ ನೀವಂದ್ರೆ ಪ್ರಾಣ. ಒಂದು ನಿಮಿಷ ಅತ್ತೆ. ಒಂದೂವರೆ ತಿಂಗಳಿಂದ ಯಾರ ಗಂಟಲು ಕಟ್ಟಿರುತ್ತೆ? ತಪ್ಪಾದ್ರೆ ಏನಂತೆ ಅಂತ ನಮಗೆಲ್ಲ ಹೇಳ್ಕೊಟ್ಟು, ಈಗ ಒಂದು ಮಗು ಬಾಯಿಮುಚ್ಚಿ ಕೂತಿದ್ರೆ ನಿಮಗೆ ಒಂದು ನಿಮಿಷ ಇಲ್ವಾ? ಇಷ್ಟೊಂದು ಜಂಬಾನಾ?

ಬರೆದಾಯ್ತು. ಹರಿದು ಹಾಕಲ್ಲ. ಹಾಗೇ ಕಳಿಸ್ತೀನಿ.

ವಟವಟ


ಸೆಪ್ಟೆಂಬರ್ 3

ಪ್ರಿಯ ವಟವಟ,

ಜಂಬವಲ್ಲ.

ಕಳೆದ ಚಳಿಗಾಲ ಒಂದು ಬೆಳಿಗ್ಗೆ ಎದ್ದು ಕನ್ನಡಿ ನೋಡಿದರೆ ಬಾಯಿ ಒಂದು ಕಡೆ ಜಾರಿತ್ತು. ಬಲಗೈಯಲ್ಲಿ ಹಲ್ಲುಜ್ಜುವ ಬ್ರಷ್ ನಿಲ್ಲಲಿಲ್ಲ. ತಂಗಿಯನ್ನು ಕೂಗಿದೆ. ಬಂದ ದನಿ ನನ್ನದಾಗಿರಲಿಲ್ಲ. ನೆತ್ತರು ಮೆದುಳಿಗೆ ಹೋಗುವ ದಾರಿಯಲ್ಲಿ ಎಲ್ಲೋ ಸಣ್ಣದಾಗಿ ನಿಂತಿದೆ ಎಂದರು ಡಾಕ್ಟರು. ಬುದ್ಧಿಗೆ ಏನೂ ಆಗಿಲ್ಲ, ಮಾತು ಒಂದೂ ಮರೆತಿಲ್ಲ, ತಲೆಯೊಳಗೆ ಎಲ್ಲ ಮೊದಲಿನ ಹಾಗೆ ಸ್ಪಷ್ಟ. ನಾಲಿಗೆ ಮಾತ್ರ ನೆಂದ ಬಟ್ಟೆ.

ಮಾತು ಕಲಿಸುವ ಮೇಡಮ್ ಒಬ್ಬಳು ಮನೆಗೆ ಬರುತ್ತಾಳೆ, ನಿನ್ನ ವಯಸ್ಸಿನವಳು. “ಅಮ್ಮಾ, ಗಲ್ಲ ಊದಿಸಿ. ನಾಲಿಗೆ ಆ ಕಡೆ. ಈಗ ಪ-ಟ-ಕ, ಪ-ಟ-ಕ, ಬೇಗ ಬೇಗ” ಎನ್ನುತ್ತಾಳೆ. ನಾನು, ಇಡೀ ಸೀಮೆಗೆ ಓದಿ ಹೇಳಿದವಳು, ಪ-ಟ-ಕದಲ್ಲಿ ನಪಾಸು. ಒಂದು ದಿನ ಔಷಧಿ ಅಂಗಡಿಗೆ ಫೋನ್ ಮಾಡಿದೆ. ಆ ಹುಡುಗ “ಬೆಳಿಗ್ಗೆ ಬೆಳಿಗ್ಗೆನೇ ಹಾಕ್ಕೊಂಡಿದೀರಾ?” ಎಂದು ಇಟ್ಟುಬಿಟ್ಟ. ಅಂದಿನಿಂದ ಮೇಡಮ್ ಎದುರು ಬಿಟ್ಟರೆ ಬೇರೆ ಯಾರ ಎದುರೂ ಬಾಯಿ ತೆರೆದಿಲ್ಲ. ತಂಗಿಗೂ ಚೀಟಿ ಬರೆದು ತೋರಿಸುತ್ತೇನೆ. ಅವಳು ಒಂದು ದಿನವೂ ದೂರಲಿಲ್ಲ. ದೂರಿದ್ದರೆ ಚೆನ್ನಾಗಿತ್ತು.

ನಿನ್ನ ಸಿಟ್ಟಿನ ಪತ್ರ ಮೇಜಿನ ಮೇಲೆ ಇದ್ದೇ ಇತ್ತು. ಮಂಚದ ಕೆಳಗೆ ಕೂತ ಆ ಮಗುವನ್ನು ದೂಡಿ ಆಚೆ ಇಡಲು ನನ್ನಿಂದ ಆಗಲಿಲ್ಲ. ತಂಗಿಯ ಫೋನಿನಲ್ಲಿ ಅದೇ ಅಳಿಲಿನ ಪುಟ ಓದಿದ್ದೇನೆ. ಒಂದೇ ಸಲ, ತಪ್ಪಿದ್ದು ತಪ್ಪಿದ ಹಾಗೆ. ಅದನ್ನು ಹಾಕಿದ ಮೆಮೊರಿ ಕಾರ್ಡು ಲಕೋಟೆಯಲ್ಲಿದೆ.

ಬಟಾಣಿಗೆ ಕೇಳಿಸು.

ಅತ್ತೆ


ಸೆಪ್ಟೆಂಬರ್ 13

ನನ್ನ ಅತ್ತೆ,

ಕೇಳಿದೆ. ಹೆಡ್‌ಫೋನ್ ಹಾಕ್ಕೊಂಡು ಮೇಜಿನ ಮೇಲೆ ತಲೆ ಇಟ್ಟು ಅತ್ತುಬಿಟ್ಟೆ. ಜಂಬ ಅಂದ ನನ್ನ ಬಾಯಿಗೆ ಬೀಗ ಹಾಕ್ಬೇಕು. ಕ್ಷಮಿಸಿ ಅನ್ನೋಕೂ ನಾಚಿಕೆ.

ಆದ್ರೆ ಸುಮ್ನೆ ಅತ್ತುಕೊಂಡು ಕೂರಲಿಲ್ಲ! ಕೇಳಿ. ಬಟಾಣಿ ಸ್ಟುಡಿಯೋಗೆ ಕಾಲಿಡಲ್ಲ. ಅವಳ ಕಿವಿಗೆ ಹೋಗೋಕೆ ಇರೋ ದಾರಿ ರೇಡಿಯೋ ಒಂದೇ. ಹಾಗಂತ ಊರಿಗೆ ಊರೇ ನಿಮ್ಮನ್ನ ಹಾಗೆ ಕೇಳೋದಾ? ಆ ಅಂಗಡಿ ಹುಡುಗನಂಥೋರು ಎಷ್ಟು ಜನ ಇರ್ತಾರೆ! ನಾನಿರೋವಾಗ ಬಿಡ್ತೀನಾ? ಬೀರು ತೆಗೆಸಿ ನಿಮ್ಮ ಹಳೇ ಟೇಪೆಲ್ಲ ಇಳಿಸಿದೆ. ನಾಲಿಗೆ ತೊದಲಿದ ಒಂದೊಂದು ಮಾತಿನ ಜಾಗಕ್ಕೂ ನಿಮ್ಮದೇ ಹಳೇ ಮಾತು ಹುಡುಕಿ ಕೂರಿಸಿದೀನಿ. ಊಟಕ್ಕೂ ಎದ್ದಿಲ್ಲ. ಈಗ ಕೇಳಿದ್ರೆ ಥೇಟ್ ಮೊದಲಿನ ಅತ್ತೆ! ಯಾರಿಗೂ, ಯಾರಂದ್ರೆ ಯಾರಿಗೂ ಗೊತ್ತಾಗಲ್ಲ.

ನಾನು ಮಾಡಿದ ಕೆಲಸದಲ್ಲೇ ಇದು ಬೆಸ್ಟ್. ಈ ಭಾನುವಾರ ಪ್ರಸಾರ. ಈ ಪತ್ರ ಅಷ್ಟರೊಳಗೆ ತಲುಪದಿದ್ರೂ ಪರವಾಗಿಲ್ಲ, ನಿಮಗೆ ಅದೇ ಸರ್‌ಪ್ರೈಸ್.

ನಿಮ್ಮ ವಟವಟ


ಸೆಪ್ಟೆಂಬರ್ 29

ಅತ್ತೆ,

ಕೇಳಿದ್ರಾ? ಪತ್ರ ಇಲ್ಲ ನಿಮ್ಮದು. ಅಂಚೆಯಣ್ಣನ್ನ ದಿನಾ ಕೇಳಿ ಕೇಳಿ, ಈಗ ಅವರು ನನ್ನ ಕಂಡ್ರೆ ರಸ್ತೆ ದಾಟ್ತಾರೆ.

ಸರ್ ಕುಣಿದಾಡ್ತಿದಾರೆ. ಹಳೇ ಟೇಪಿಂದ ಹೀಗೇ ಜೋಡಿಸಿ ಪ್ರತಿ ವಾರ ನಿಮ್ಮನ್ನ ಹಾಕ್ಬೇಕಂತೆ. “ಅವರು ಬರೋದೇ ಬೇಡ, ಟೇಪ್ ಇದ್ರೆ ಸಾಕು” ಅಂದ್ರು. ನಾನು ಹೂಂ ಅನ್ನದೆ ಟೇಪೆಲ್ಲ ವಾಪಸ್ ಬೀರುಗೆ ಇಟ್ಟೆ. ಯಾಕೆ ಅಂತ ಗೊತ್ತಾಗ್ಲಿಲ್ಲ.

ಬಟಾಣಿ ಅಪ್ಪನ ಅಂಗಡಿಗೆ ಹೋಗಿದ್ದೆ. ನಿಮ್ಮ ದನಿ ಬಂದಾಗ ಅವಳು ಮಂಚದ ಕೆಳಗಿಂದ ತಲೆ ಹೊರಗೆ ಹಾಕಿದ್ಲಂತೆ. ಕೊನೇ ತನಕ ಕೇಳಿದ್ಲಂತೆ. ಆಮೇಲೆ, “ಅತ್ತೆಗೆ ಪೊಟರೆ ಒಂದೇ ಸಲಕ್ಕೆ ಬಂತು” ಅಂದು ಮತ್ತೆ ಒಳಗೆ ಹೋದ್ಲಂತೆ. ಈಗ ಅಪ್ಪನ ಹತ್ರಾನೂ ಮೊದಲಿನಷ್ಟು ಮಾತಿಲ್ಲ.

ನಾನು ಏನೋ ಕೆಡಿಸಿದೀನಿ ಅಲ್ವಾ ಅತ್ತೆ? ಬೈಯಿರಿ. ಸುಮ್ನಿರಬೇಡಿ.

ವಟವಟ


ಅಕ್ಟೋಬರ್ 8

ವಟವಟ,

ಆ ಭಾನುವಾರ ನಡೆದದ್ದು ಹೇಳುತ್ತೇನೆ. ನಾನು ನಡುಮನೆಯಲ್ಲಿ ರೇಡಿಯೋ ಪಕ್ಕ ಕೂತಿದ್ದೆ. ತಂಗಿ ಒಳಗೆ ಪಾತ್ರೆ ತೊಳೆಯುತ್ತಿದ್ದಳು. ಅಳಿಲಿನ ಪುಟ ಶುರುವಾಯಿತು. ಅವಳು ಸೋಪಿನ ಕೈಯಲ್ಲೇ ಓಡಿ ಬಂದಳು. “ಅಕ್ಕಾ! ಅಕ್ಕಾ, ಮಾತು ಬಂತಾ? ಸರಿಹೋಯ್ತಾ ಅಕ್ಕಾ?” ಬಂದು ನೋಡಿದರೆ ನಾನು ಬಾಯಿ ಮುಚ್ಚಿ ಕೂತಿದ್ದೇನೆ, ಡಬ್ಬಿ ಮಾತಾಡುತ್ತಿದೆ. ಅವಳ ಮುಖ ಇಳಿದದ್ದನ್ನು ನಾನು ನೋಡಬೇಕಾಯಿತು. ಕೈ ಒರೆಸಿಕೊಂಡು ಒಳಗೆ ಹೋದಳು.

ಒಂದು ಪುಟಕ್ಕಾಗಿ ನಾನು ಎಷ್ಟು ಬೆವರಿದ್ದೆನೋ ಅದೆಲ್ಲವನ್ನೂ ನೀನು ತೊಳೆದು ಇಸ್ತ್ರಿ ಮಾಡಿ ಕೊಟ್ಟಿದ್ದೀಯ. ಪ್ರೀತಿಯಿಂದಲೇ ಮಾಡಿದ್ದೀಯ, ಅದು ಇನ್ನೂ ಕಷ್ಟ. ಬಟಾಣಿಗೆ ಕೇಳಿಸು ಎಂದಿದ್ದೆ. ನೀನು ಅವಳಿಗೂ ನನಗೂ ಒಂದೇ ಮದ್ದು ಕೊಟ್ಟೆ.

ಮಾತಿನ ಮೇಡಮ್ ಮರುದಿನ ಬಂದಳು. ಬಾಗಿಲು ತೆಗೆಯಬೇಡ ಎಂದು ತಂಗಿಗೆ ಚೀಟಿ ಬರೆದೆ. ಅಂದಿನಿಂದ ಪ-ಟ-ಕ ಇಲ್ಲ. ರೇಡಿಯೋದಲ್ಲಿ ಇರುವವಳು ಬೇರೆ ಹೆಂಗಸು, ಅವಳ ಥರ ನನಗೆ ಬರುವುದಿಲ್ಲ. ಆ ಮಂಚದ ಕೆಳಗೆ ಇನ್ನೊಬ್ಬರಿಗೆ ಜಾಗ ಇದೆಯೇ, ಕೇಳಿ ನೋಡು.

ಇನ್ನು ಬರೆಯಬೇಡ.

ಅತ್ತೆ


ಅಕ್ಟೋಬರ್ 22

ಅತ್ತೆ,

ಬರೆಯಬೇಡ ಅಂದ್ರಿ. ಇದೊಂದು ಓದಿ. ಆಮೇಲೆ ಅಂಚೆಯಣ್ಣ ವಾಪಸ್ ತಂದ್ರೂ ಇಸ್ಕೊತೀನಿ.

ಮಂಚದ ಕೆಳಗೆ ಜಾಗ ಇದೆ. ನಾನೇ ಹೋಗಿ ನೋಡಿದೆ.

ನಿಮ್ಮ ಪತ್ರ ಬಂದ ದಿನ ಮೆಮೊರಿ ಕಾರ್ಡು, ಒಂದು ಸಣ್ಣ ಸ್ಪೀಕರ್ ತಗೊಂಡು ಅವರ ಮನೆಗೆ ಹೋದೆ. ಅಂಗಡಿ ಹಿಂದೆ ಒಂದೇ ಕೋಣೆ, ಗೋಡೆ ತುಂಬ ಬೀಗದ ಕೈ ನೇತಾಡ್ತಿರುತ್ತೆ. ಅವಳು ಮಂಚದ ಕೆಳಗಿದ್ಲು. ಬಾ ಅಂದ್ರೆ ಬರಲಿಲ್ಲ. ನಾನೇ ನುಗ್ಗಿದೆ. ಅರ್ಧ ಹೋಗಿ ಸಿಕ್ಕಾಕ್ಕೊಂಡೆ. ಅವರಪ್ಪ ಕಾಲು ಹಿಡ್ಕೊಂಡು, “ಎಳೀಲಾ, ತಳ್ಳಲಾ?” ಅಂದ್ರು. ತಳ್ಳಿ ಅಂದೆ. ಒಳಗೆ ಹಳೇ ಟ್ರಂಕು, ಧೂಳು, ಮುದುರಿ ಕೂತ ಬಟಾಣಿ. ತಲೆ ಎತ್ತೋ ಹಾಗಿಲ್ಲ. ಇಷ್ಟು ದಿನ ಈ ಮಗು ಇಲ್ಲಿತ್ತು ಅಂತ ನೆನೆಸ್ಕೊಂಡ್ರೆ.

ಏನೂ ಹೇಳದೆ ನಿಮ್ಮ ಓದು ಹಾಕಿದೆ. ನಿಮ್ಮದು, ನೀವು ಕಳಿಸಿದ್ದು, ಹಾಗೇ.

“ಯಾರಿದು?”

“ಅತ್ತೆ.”

“ಸುಳ್ಳು. ಅತ್ತೆ ಹಿಂಗೆ ಓದಲ್ಲ.”

“ಅತ್ತೆ ಈಗ ಹಿಂಗೇ ಓದೋದು. ರೇಡಿಯೋದಲ್ಲಿ ಬಂದಿದ್ದು ನಾನು ಹಳೇ ತುಂಡು ಅಂಟಿಸಿದ್ದು. ನಿಂದೂ ನಾನೇ ಅಂಟಿಸಿದ್ದು. ‘ಪೊಟರೆ’ ನೀನೂ ಸರಿಯಾಗಿ ಹೇಳಿಲ್ಲ, ಅತ್ತೆನೂ ಹೇಳಿಲ್ಲ.”

ನನ್ನ ಮುಖಾನೇ ನೋಡಿದ್ಲು. ಅಷ್ಟು ಹತ್ತಿರದಿಂದ ಮಗು ಹಾಗೆ ನೋಡಿದ್ರೆ ತಡಕೊಳ್ಳೋಕಾಗಲ್ಲ ಅತ್ತೆ.

“ಅತ್ತೆ ಬಾಯಿಗೆ ಏನಾಯ್ತು?”

“ಹುಷಾರಿರ್ಲಿಲ್ಲ. ಈಗ ಮಾತು ಮೊದಲಿಂದ ಕಲೀತಿದಾರೆ.”

“ಅಷ್ಟು ದೊಡ್ಡೋರಾ?”

“ಹೂಂ.”

“ತಪ್ಪಾದ್ರೆ ನೀವು ಇನ್ನೊಂದ್ಸಲ ಇನ್ನೊಂದ್ಸಲ ಅಂತೀರಾ ಅವರಿಗೆ?”

ಇಲ್ಲ ಅಂದೆ. ಇನ್ಮೇಲೆ ಯಾರಿಗೂ ಹಾಗೆ ಅನ್ನಲ್ಲ ಅಂದೆ. ತಪ್ಪಿದ್ದು ಅವಳಲ್ಲ ನಾನು, ತುಣುಕು ತುಣುಕಾಗಿ ಕಲಿಯೋದನ್ನ ಅಡಗಿಸಿಟ್ಟು ಬರೀ ಕೊನೇದನ್ನ ತೋರಿಸಿದೆ ಅಂತ ಹೇಳೋಕೆ ಹೊರಟೆ, ಪೂರ್ತಿ ತಡವರಿಸಿಬಿಟ್ಟೆ. ಅವಳು ಕಾದ್ಲು. ನಾನು ಮುಗಿಸೋ ತನಕ ಕಾದ್ಲು ಅತ್ತೆ! ಆಮೇಲೆ, “ಇನ್ನೊಂದ್ಸಲ ಹಾಕಿ” ಅಂದ್ಲು. ಹಾಕಿದೆ. ಅರ್ಧದಲ್ಲಿ ನನ್ನ ಮೊಣಕೈ ತಿವಿದ್ಲು.

“ಅತ್ತೆ ಇಲ್ಲಿ ಒಂದು ಸಾಲು ಬಿಟ್ರು.”

ನಂಗೆ ಗೊತ್ತೇ ಆಗಿರ್ಲಿಲ್ಲ. ಪುಟ ಎದುರಿಗೆ ಇಟ್ಕೊಳ್ಳದೆ ಕಿವಿ ನಂಬ್ಕೊಂಡು ಕತ್ತರಿಸಿದ್ದೆ. ಅವಳಿಗೆ ಪುಟ ಬಾಯಿಪಾಠ. ಯಾವ ಸಾಲು ಅಂದೆ. ಸುಮ್ನಿದ್ಲು. ನಾನೂ ಸುಮ್ನಿದ್ದೆ, ನಂಗೆ ಎಷ್ಟು ಕಷ್ಟ ಅಂತ ಊಹಿಸ್ಕೊಳ್ಳಿ.

ಆಮೇಲೆ ಹೇಳಿದ್ಲು, ಗೋಡೆ ಕಡೆ ಮುಖ ಮಾಡ್ಕೊಂಡು. “ಅಳಿಲು ಸರಸರನೆ ಮರವಿಳಿದು ಪೊರಟೆಯೊಳಗೆ...” ನಿಲ್ಲಿಸಿದ್ಲು. ನನ್ನ ಕಡೆ ತಿರುಗಿದ್ಲು. ನಾನು ಅಲ್ಲಾಡಲಿಲ್ಲ. “ಪೊ. ಟ. ರೆ. ಪೊರ... ಪೊಟರೆಯೊಳಗೆ ನುಸುಳಿತು.” ಉಸಿರು ಬಿಟ್ಲು. ಜೋರಾಗಿ ಕೇಳಿಸ್ತು ಉಸಿರು. ಹೊರಗೆ ಅವರಪ್ಪನ ಕೈಯಿಂದ ಏನೋ ಬಿತ್ತು.

ಮೈಕ್ ಇರ್ಲಿಲ್ಲ. ಇದ್ದಿದ್ರೂ ರೆಕಾರ್ಡ್ ಒತ್ತುತ್ತಿರಲಿಲ್ಲ.

ಅವಳಿನ್ನೂ ಸ್ಕೂಲಲ್ಲಿ ಕೈ ಎತ್ತೋದು ಅಷ್ಟೇ. ಒಂದೇ ದಿನಕ್ಕೆ ಎಲ್ಲ ಸರಿಹೋಯ್ತು ಅಂತ ನಾನು ಜೋಡಿಸಿ ಬರೆಯಲ್ಲ. ಸರ್‌ಗೆ ನಿಮ್ಮನ್ನ ಟೇಪಿಂದ ಮಾಡಲ್ಲ ಅಂದೆ. ಕುರ್ಚಿ ಬೇರೆಯವರಿಗೆ ಕೊಟ್ರು. ನಂಗೀಗ ಹವಾಮಾನ ಓದೋ ಕೆಲಸ, ಅದೇ ಕಿಟಕಿ ಇಲ್ಲದ ರೂಮು. ಹೊರಗೆ ಬಿಸಿಲಾ ಮೋಡವಾ ಅಂತ ನಂಗೇ ಗೊತ್ತಿರಲ್ಲ, ಜನರಿಗೆ ಹೇಳ್ತಿರ್ತೀನಿ.

ಬಟಾಣಿ ಕೇಳಿದಾಳೆ, ಆ ಸಾಲು ಯಾಕೆ ಬಿಟ್ರಿ ಅಂತ. ಮರೆತ್ರಾ ಅಂತ. ಅವರಪ್ಪನ ಫೋನ್ ನಂಬರ್ ಕೆಳಗೆ ಬರೆದಿದೀನಿ. ನೀವು ಮಾಡ್ಬೇಕು ಅಂತಲ್ಲ. ಇರ್ಲಿ ಅಂತ.

ವಟವಟ


ನವೆಂಬರ್ 10

ಪ್ರಿಯ ವಟವಟ,

ಮರೆಯಲಿಲ್ಲ ಎಂದು ಬಟಾಣಿಗೆ ಹೇಳು. ಹಾರಿಸಿದೆ.

ಆ ಸಾಲಿನಲ್ಲಿ ನನ್ನ ನಾಲಿಗೆಗೆ ಆಗದ ಅಕ್ಷರಗಳೆಲ್ಲ ಒಟ್ಟಿಗೆ ಬಂದು ಕೂತಿವೆ. ದೂರದಿಂದಲೇ ನೋಡಿದೆ, ಹೆದರಿದೆ, ಯಾರೂ ಗಮನಿಸಲಾರರು ಎಂದು ದಾಟಿಬಿಟ್ಟೆ. ತಪ್ಪಿದ್ದು ತಪ್ಪಿದ ಹಾಗೆ ಎಂದು ನಿನಗೆ ಬರೆದವಳು ತಪ್ಪುವ ಜಾಗಕ್ಕೇ ಹೋಗಲಿಲ್ಲ. ನನ್ನನ್ನು ನಾನೇ ಕತ್ತರಿಸಿಕೊಂಡು, ಸಿಟ್ಟನ್ನೆಲ್ಲ ನಿನ್ನ ಮೇಲೆ ಹಾಕಿದೆ. ಮಂಚದ ಕೆಳಗಿನ ಒಂದು ಮಗು ಹಿಡಿದುಹಾಕಿತು.

ನಿನ್ನ ಪತ್ರ ಬಂದ ಮೇಲೂ ಬಹಳ ದಿನ ತಂಗಿಯ ಹತ್ತಿರ ಚೀಟಿಯಲ್ಲೇ ಮಾತು ಮುಗಿಸಿದೆ. ಇವತ್ತು ಬೆಳಿಗ್ಗೆ ತಂಗಿ ಬಟ್ಟೆ ಮಡಿಸುತ್ತಿದ್ದಳು. ಚೀಟಿ ಬರೆಯಲಿಲ್ಲ. ಎದುರು ನಿಂತು ಆ ಸಾಲು ಹೇಳಿದೆ. ಅಳಿಲು ಮರದಿಂದ ಇಳಿಯುವಷ್ಟರಲ್ಲಿ ಅರ್ಧ ಎಂಜಲು ನನ್ನ ಸೆರಗಿನ ಮೇಲೆ. ಅವಳು ಮಡಿಸುತ್ತಿದ್ದ ದಿಂಬಿನ ಕವರು ಮುಖಕ್ಕೆ ಹಿಡಿದುಕೊಂಡಳು. ಅಳುತ್ತಿದ್ದಾಳೆ ಎಂದುಕೊಂಡೆ. ನಗುತ್ತಿದ್ದಳು, ಕಣ್ಣಲ್ಲಿ ನೀರು ಬರುವ ಹಾಗೆ. “ಅಕ್ಕಾ, ಅದು ಅಳಿಲಾ, ಇಲಿಯಾ?” ಎಂದಳು. ಇಷ್ಟು ತಿಂಗಳಲ್ಲಿ ಅವಳು ನನ್ನನ್ನು ಗೇಲಿ ಮಾಡಿದ್ದು ಇದೇ ಮೊದಲು. ನನಗೆ ಎಷ್ಟು ಹಗುರವಾಯಿತೆಂದು ನಿನಗೆ ಬರೆಯಲಾರೆ. ಮೇಡಮ್‌ಗೆ ಬರಲು ಹೇಳಿದ್ದೇವೆ.

ಮೆಟ್ಟಿಲು ಇನ್ನೂ ಇಳಿದಿಲ್ಲ. ಅಳಿಲು ಇನ್ನೂ ಬಂದಿಲ್ಲ.

ರೇಡಿಯೋ ಬೇಡ. ಈ ಭಾನುವಾರ ಬೆಳಿಗ್ಗೆ ನೀನು ಕೊಟ್ಟ ನಂಬರಿಗೆ ಫೋನ್ ಮಾಡುತ್ತೇನೆ. ಪುಟ ನನ್ನ ಹತ್ತಿರ ಇರುತ್ತದೆ. ಅವಳಿಗೆ ಪೊಟರೆ ಕಷ್ಟ, ನನಗೆ ಅಳಿಲು. ಆ ಸಾಲನ್ನು ಬಟಾಣಿ ನನಗೆ ಹೇಳಿಕೊಡಲಿ. ನಿಧಾನವಾಗಿ ಹೇಳಿಕೊಡಬೇಕು ಎಂದು ಅವಳಿಗೆ ಮೊದಲೇ ತಿಳಿಸು. ನನಗೆ ಬೇಗ ಬರುವುದಿಲ್ಲ.

ಅತ್ತೆ